ಪೋರ್ಟ್‌ಫೋಲಿಯೊಗೆ ಪೆನ್ಸಿಲ್ ಭಾವಚಿತ್ರ: ಫೋಟೊನಾ, ಎದುರಿಗೆ ಕೂತ ಮುಖಾನಾ? ಗ್ರಿಡ್ಡಾ, ಕಣ್ಣಳತೆಯಾ?

ಪೋರ್ಟ್‌ಫೋಲಿಯೊಗೆ (ನಿಮ್ಮ ಕೆಲಸ ತೋರಿಸುವ ಚಿತ್ರಗಳ ಸಂಗ್ರಹಕ್ಕೆ) ಅಂತ ನಿಜದಂತೆ ಕಾಣುವ ಒಂದು ಭಾವಚಿತ್ರ ಬಿಡಿಸಲು ಕೂತರೆ, ಮೊದಲ ಗೆರೆ ಎಳೆಯುವ ಮುಂಚೆಯೇ ಹಲವು ನಿರ್ಧಾರ ಮಾಡಬೇಕಾಗುತ್ತದೆ. ಫೋಟೊ ನೋಡಿ ಬರೆಯಬೇಕಾ, ಯಾರನ್ನಾದರೂ ಎದುರಿಗೆ ಕೂರಿಸಿಕೊಳ್ಳಬೇಕಾ? ಗ್ರಿಡ್, ಅಂದರೆ ಫೋಟೊದ ಮೇಲೂ ಕಾಗದದ ಮೇಲೂ ಚೌಕಗಳ ಜಾಲರಿ, ಹಾಕಿದರೆ ತಪ್ಪಾ? ಎ4 ಸಾಕಾ? ಗ್ರಾಫೈಟ್ (ಸಾಮಾನ್ಯ ಪೆನ್ಸಿಲ್ಲಿನ ಕಡ್ಡಿ) ಒಂದೇನಾ, ಚಾರ್ಕೋಲೂ (ಇದ್ದಿಲು) ಬೇಕಾ? ಉಜ್ಜಿ ನಯ ಮಾಡಬೇಕಾ, ಗೆರೆಗಳನ್ನು ಹಾಗೇ ಬಿಡಬೇಕಾ?

ಇವಕ್ಕೆಲ್ಲ ಒಂದೇ ಉತ್ತರ ಇಲ್ಲ. ಚಿತ್ರವನ್ನು ಯಾರು ನೋಡುತ್ತಾರೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹಣ ಕೊಟ್ಟು ಭಾವಚಿತ್ರ ಬರೆಸಿಕೊಳ್ಳುವವರಿಗೆ ಹೋಲಿಕೆ ಮುಖ್ಯ, ಅಚ್ಚುಕಟ್ಟು ಮುಖ್ಯ. ಕಲಾಶಾಲೆಯ ಪ್ರವೇಶಕ್ಕೆ ಪೋರ್ಟ್‌ಫೋಲಿಯೊ ನೋಡುವವರು ಬೇರೆಯದನ್ನೇ ಹುಡುಕುತ್ತಾರೆ: ಈ ವಿದ್ಯಾರ್ಥಿಗೆ ನೋಡಲು ಬರುತ್ತದಾ? ಒಂದು ಮುಖದ ಮುಂದೆ ಕೂತು ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಅಂತ ತೀರ್ಮಾನ ಮಾಡಿದ್ದಾರಾ, ಇಲ್ಲಾ ಫೋಟೊದಲ್ಲಿ ಇದ್ದದ್ದನ್ನು ಸುಮ್ನೆ ಕಾಗದಕ್ಕೆ ಇಳಿಸಿದ್ದಾರಾ? ನಾನು ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಪ್ರವೇಶದ ಪೋರ್ಟ್‌ಫೋಲಿಯೊ ಮನಸ್ಸಿನಲ್ಲಿಟ್ಟುಕೊಂಡು. ಕಮಿಷನ್ ಕೆಲಸಕ್ಕೆ, ಅಂದರೆ ಹಣ ಪಡೆದು ಬರೆದುಕೊಡುವ ಚಿತ್ರಕ್ಕೆ, ಉತ್ತರ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

ಫೋಟೊ, ಎದುರಿನ ವ್ಯಕ್ತಿ, ಕನ್ನಡಿ

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ. ಉಳಿದವನ್ನು ಆಮೇಲೆ ಬೇಕಾದರೆ ಬದಲಾಯಿಸಿಕೊಳ್ಳಬಹುದು, ಇದನ್ನು ಆಗುವುದಿಲ್ಲ.

ಫೋಟೊದ ಲಾಭ ಎಲ್ಲರಿಗೂ ಗೊತ್ತು. ಅದು ಅಲ್ಲಾಡುವುದಿಲ್ಲ, ಸುಸ್ತಾಗುವುದಿಲ್ಲ, ಬೆಳಕು ಬದಲಾಗುವುದಿಲ್ಲ. ನಗುವ ಮುಖ ಬೇಕು ಅಂದರೆ ಫೋಟೊ ಬಿಟ್ಟು ಬೇರೆ ದಾರಿಯೇ ಇಲ್ಲ. ಅರ್ಧ ಗಂಟೆ ಒಂದೇ ಸಮ ನಕ್ಕುಕೊಂಡು ಕೂರಲು ಯಾರಿಂದ ಆಗುತ್ತದೆ? ಪುಟ್ಟ ಮಕ್ಕಳ ಮುಖಕ್ಕೂ ಅಷ್ಟೇ.

ನಷ್ಟಗಳು ಮಾತ್ರ ಬೇಗ ಕಣ್ಣಿಗೆ ಬೀಳುವುದಿಲ್ಲ. ತೋಳು ಚಾಚಿ ಮೊಬೈಲ್‌ನಲ್ಲಿ ತೆಗೆದ ಮುಖದಲ್ಲಿ ಮೂಗು ಇರುವುದಕ್ಕಿಂತ ದೊಡ್ಡದಾಗಿ, ಕಿವಿ ಚಿಕ್ಕದಾಗಿ ಬರುತ್ತದೆ. ಕ್ಯಾಮೆರಾ ಹತ್ತಿರ ಇದ್ದಷ್ಟೂ ಈ ವ್ಯತ್ಯಾಸ ಜಾಸ್ತಿ. ಅದನ್ನು ಚಾಚೂ ತಪ್ಪದೆ ಬರೆದರೆ ನೀವು ಮುಖವನ್ನಲ್ಲ, ಅಂತರದ ದೋಷವನ್ನು ಬರೆದಂತಾಯಿತು. ಇನ್ನೊಂದು, ನೆರಳು. ಗದ್ದದ ಕೆಳಗೆ, ಕಿವಿಯ ಹಿಂದೆ ನಿಜದಲ್ಲಿ ನಾಲ್ಕೈದು ಬಗೆಯ ಮಬ್ಬು ಇರುತ್ತದೆ. ಫೋಟೊದಲ್ಲಿ ಅದೆಲ್ಲ ಸೇರಿ ಒಂದೇ ಕಪ್ಪು ಮುದ್ದೆ. ಹಣೆಯ ಮೇಲಿನ ಹೊಳಪು ಪೂರ್ತಿ ಬಿಳಿ. ಇಂಥ ಚಿತ್ರಗಳನ್ನು ದಿನವಿಡೀ ನೋಡುವವರಿಗೆ ಇದು ಫೋಟೊದಿಂದ ಬಂದದ್ದು ಅಂತ ಗುರುತಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎದುರಿಗೆ ಕೂತ ಮನುಷ್ಯನನ್ನು ನೋಡಿ ಬರೆಯುವುದು ಕಷ್ಟ, ನಿಜ. ಆದರೆ ಆ ಕಷ್ಟವೇ ಕಾಗದದ ಮೇಲೆ ಕಾಣುತ್ತದೆ. ಕೆನ್ನೆ ಎಲ್ಲಿ ತಿರುಗುತ್ತದೆ, ಯಾವ ಅಂಚು ಚೂಪಾಗಿದೆ, ಯಾವುದು ಹಿನ್ನೆಲೆಯಲ್ಲಿ ಕರಗಿಹೋಗಿದೆ ಅನ್ನುವುದು ಎರಡು ಕಣ್ಣಿಗೆ ಸಿಗುವಷ್ಟು ಒಂದು ಲೆನ್ಸಿಗೆ ಸಿಗುವುದಿಲ್ಲ. ಕೂರುವವರಿಗೆ 20 ರಿಂದ 25 ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಏಳುವ ಮುಂಚೆ ಕುರ್ಚಿಯ ಕಾಲು, ಅವರ ಪಾದ ಇರುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ನೋಟ ಎಲ್ಲಿತ್ತು ಅಂತ ಗೋಡೆಯ ಮೇಲೂ ಒಂದು ತುಂಡು ಟೇಪ್ ಇರಲಿ. ಇಷ್ಟು ಮಾಡಿದರೆ ಮತ್ತೆ ಬಂದು ಕೂತಾಗ ತಲೆ ಬಹುತೇಕ ಅದೇ ಜಾಗಕ್ಕೆ ಬರುತ್ತದೆ.

ಮೂರನೆಯ ದಾರಿ ಕನ್ನಡಿ. ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಇನ್ನೂ 13 ವರ್ಷದ ಹುಡುಗ, ಕನ್ನಡಿ ನೋಡಿಕೊಂಡು ತನ್ನ ಮುಖ ಬರೆದ. ಅದೂ ಬೆಳ್ಳಿ ಮೊನೆಯಲ್ಲಿ, ಅಂದರೆ ಪೆನ್ಸಿಲ್ ಬದಲು ಚೂಪಾದ ಬೆಳ್ಳಿ ತಂತಿಯಲ್ಲಿ. ಅದರಲ್ಲಿ ಎಳೆದ ಗೆರೆಯನ್ನು ಅಳಿಸುವುದು ಹೆಚ್ಚುಕಡಿಮೆ ಆಗದ ಮಾತು. ಜರ್ಮನ್ ಕಲಾವಿದೆ ಕೇಥೆ ಕೊಲ್ವಿಟ್ಸ್ ಜೀವನದುದ್ದಕ್ಕೂ ತನ್ನ ಮುಖವನ್ನು ಮತ್ತೆ ಮತ್ತೆ ಬರೆದಳು. ಕನ್ನಡಿಯಲ್ಲಿ ಮಾಡೆಲ್ ಯಾವಾಗಲೂ ಸಿದ್ಧ, ಬೆಳಕು ನಿಮ್ಮ ಕೈಯಲ್ಲಿ. ತೊಂದರೆ ಎರಡು. ದಿಟ್ಟಿಸಿ ನೋಡುವುದರಿಂದ ಮುಖ ಗಂಭೀರವಾಗಿಬಿಡುತ್ತದೆ. ಕಾಗದದಿಂದ ಕನ್ನಡಿಗೆ ತಲೆ ಎತ್ತಿದಾಗಲೆಲ್ಲ ಸ್ಥಾನ ಒಂಚೂರು ತಪ್ಪುತ್ತದೆ. ಎರಡನೆಯದಕ್ಕೆ ಉಪಾಯ ಇದೆ: ಕನ್ನಡಿಯ ಗಾಜಿನ ಮೇಲೆ ಮೂಗಿನ ತುದಿ ಕಾಣುವ ಕಡೆ ಒಂದು ಚುಕ್ಕೆ ಇಡಿ. ಪ್ರತಿ ಸಲ ಮೂಗನ್ನು ಆ ಚುಕ್ಕೆಗೆ ತಂದು ಆಮೇಲೆ ನೋಡಿ.

ಪ್ರವೇಶಕ್ಕಾದರೆ ನಾನು ಕನ್ನಡಿಗೇ ಮೊದಲ ಮತ ಹಾಕುತ್ತೇನೆ. ನೋಡಿ ಬರೆದದ್ದು ಅನ್ನುವುದು ಅನುಮಾನವಿಲ್ಲದೆ ಗೊತ್ತಾಗುತ್ತದೆ, ಸಮಯದ ಒತ್ತಡವೂ ಇಲ್ಲ. ಕಮಿಷನ್ ಪೋರ್ಟ್‌ಫೋಲಿಯೊಗೆ ಫೋಟೊ ಸರಿ. ಅಲ್ಲಿ ಕೆಲಸ ಬರುವುದೇ ಫೋಟೊ ರೂಪದಲ್ಲಿ ಅಲ್ವಾ.

ಫೋಟೊನೇ ಅಂತ ನಿರ್ಧರಿಸಿದರೆ ಅದನ್ನು ನೀವೇ ತೆಗೆಯಿರಿ. ಸುಮಾರು 2 ಮೀಟರ್ ದೂರ ನಿಂತು ಜೂಮ್ ಮಾಡಿ. ಕ್ಯಾಮೆರಾ ಕೂತವರ ಕಣ್ಣಿನ ಎತ್ತರದಲ್ಲಿರಲಿ. ಫ್ಲಾಶ್ ಬೇಡವೇ ಬೇಡ, ಅದು ಮುಖವನ್ನು ಚಪ್ಪಟೆ ಮಾಡುತ್ತದೆ. ಒಂದು ಕಿಟಕಿಯ ಬೆಳಕು ಸಾಕು, ಪಕ್ಕದಿಂದ, ಸ್ವಲ್ಪ ಮೇಲಿನಿಂದ. ನೆರಳಿನ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಬೀಳುವವರೆಗೆ ಮುಖವನ್ನು ತಿರುಗಿಸುತ್ತಾ ಹೋಗಿ. ಡಚ್ ಚಿತ್ರಕಾರನ ಹೆಸರಿನಲ್ಲಿ ರೆಂಬ್ರಾಂಟ್ ಬೆಳಕು ಅಂತ ಕರೆಯುವುದು ಇದನ್ನೇ. ಈ ಬೆಳಕಿನಲ್ಲಿ ಮೂಗು, ಕೆನ್ನೆಯ ಮೂಳೆ, ತುಟಿ ಎಲ್ಲದರ ಉಬ್ಬು ತಾನಾಗಿಯೇ ಗೊತ್ತಾಗುತ್ತದೆ. ಹಾಗೇ ಅದೇ ವ್ಯಕ್ತಿಯನ್ನು ನೇರ ನೋಡಿ ಎರಡು ಮೂರು ಸಣ್ಣ ಸ್ಕೆಚ್ ಮಾಡಿಟ್ಟುಕೊಳ್ಳಿ. ಫೋಟೊದ ಕಪ್ಪು ಮುದ್ದೆಯೊಳಗೆ ಏನಿತ್ತು ಅಂತ ಅವು ಹೇಳುತ್ತವೆ. ಅವನ್ನು ಪೋರ್ಟ್‌ಫೋಲಿಯೊದಲ್ಲೂ ಇಡಬಹುದು.

ಇಂಟರ್ನೆಟ್ಟಿನಲ್ಲಿ ಸಿಕ್ಕ ಸಿನಿಮಾ ನಟರ ಫೋಟೊ ಬೇಡ. ಅದರ ಬೆಳಕು, ಕೋನ, ಚೌಕಟ್ಟು ಎಲ್ಲವನ್ನೂ ಬೇರೆ ಯಾರೋ ಆಗಲೇ ಆರಿಸಿದ್ದಾರೆ. ನಿಮಗೆ ಉಳಿಯುವುದು ನಕಲು ಮಾತ್ರ. ಹಕ್ಕುಸ್ವಾಮ್ಯದ ತಲೆನೋವು ಬೇರೆ.

ಗ್ರಿಡ್, ಟ್ರೇಸಿಂಗ್, ಕಣ್ಣಳತೆ

ಗ್ರಿಡ್ ಹಾಕುವುದು ಮೋಸ ಅನ್ನುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಚೌಕದ ಜಾಲರಿ ಇಟ್ಟುಕೊಂಡು ನೋಡಿ ಬರೆಯುವ ವಿಧಾನವನ್ನು ಡ್ಯೂರರ್ ಚಿತ್ರ ಸಮೇತ ತೋರಿಸಿದ್ದಾನೆ. ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ತನ್ನ ಭಾರಿ ಗಾತ್ರದ ಮುಖಗಳನ್ನು ಕಟ್ಟಿದ್ದು ಗ್ರಿಡ್ ಮೇಲೆಯೇ. ಕಾಗದದ ಮೇಲೆ ಎದುರಿನ ದೃಶ್ಯ ಬಿದ್ದಂತೆ ಕಾಣಿಸುವ ಕ್ಯಾಮೆರಾ ಲೂಸಿಡಾ ಅನ್ನುವ ಉಪಕರಣಕ್ಕೆ ಇಂಗ್ಲಿಷ್ ವಿಜ್ಞಾನಿ ವೊಲಾಸ್ಟನ್ 1806ರಲ್ಲೇ ಪೇಟೆಂಟ್ ಪಡೆದ. 1999ರಲ್ಲಿ ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಅದನ್ನೇ ಬಳಸಿ ಪೆನ್ಸಿಲ್ ಭಾವಚಿತ್ರಗಳ ಸಾಲನ್ನೇ ಬರೆದ. ಹಾಗಾಗಿ ಪ್ರಶ್ನೆ ಸರಿ ತಪ್ಪಿನದ್ದಲ್ಲ. ಯಾವ ವಿಧಾನ ನಿಮ್ಮ ಚಿತ್ರಕ್ಕೆ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಅನ್ನುವುದಷ್ಟೇ.

ಗ್ರಿಡ್ ಜಾಗ ತಪ್ಪದಂತೆ ನೋಡಿಕೊಳ್ಳುತ್ತದೆ. ಆದರೆ ಒಂದೊಂದೇ ಚೌಕ ತುಂಬುತ್ತಾ ಹೋದರೆ ಇಡೀ ತಲೆಯನ್ನು ಒಂದು ಗುಂಡು ವಸ್ತುವಾಗಿ ನೋಡುವುದು ಮರೆತುಹೋಗುತ್ತದೆ. ಎಡಗಣ್ಣು ಚೆನ್ನಾಗಿದೆ, ಬಲಗಣ್ಣೂ ಚೆನ್ನಾಗಿದೆ, ಆದರೆ ಎರಡೂ ಒಬ್ಬರದ್ದಲ್ಲ ಅನ್ನಿಸುವ ಚಿತ್ರಗಳು ಹುಟ್ಟುವುದು ಹೀಗೆ. ಇನ್ನೊಂದು ಸಣ್ಣ ಆದರೆ ಕೆಟ್ಟ ಸಮಸ್ಯೆ ಇದೆ. ಗಟ್ಟಿ ಪೆನ್ಸಿಲ್‌ನಲ್ಲಿ ಒತ್ತಿ ಎಳೆದ ಗ್ರಿಡ್ ಗೆರೆ ಕಾಗದದಲ್ಲಿ ಹಳ್ಳ ಮಾಡುತ್ತದೆ. ಅಳಿಸಿದರೂ ಹಳ್ಳ ಹೋಗುವುದಿಲ್ಲ. ಮೇಲೆ ಶೇಡಿಂಗ್ ಬಂದಾಗ ಗ್ರಾಫೈಟ್ ಆ ಹಳ್ಳಕ್ಕೆ ಇಳಿಯದೆ ಕೆನ್ನೆಯ ಮಧ್ಯೆ ಬಿಳಿ ಗೆರೆಯೊಂದು ಎದ್ದು ನಿಲ್ಲುತ್ತದೆ. ಎಚ್‌ಬಿಯಲ್ಲಿ (ತೀರಾ ಗಟ್ಟಿಯೂ ಮೆದುವೂ ಅಲ್ಲದ ಪೆನ್ಸಿಲ್), ಕಂಡೂ ಕಾಣದ ಹಾಗೆ ಎಳೆಯಿರಿ.

ಟ್ರೇಸಿಂಗ್, ಅಂದರೆ ಫೋಟೊದ ಗೆರೆಗಳ ಮೇಲೇ ಎಳೆದು ಇಳಿಸಿಕೊಳ್ಳುವುದು, ಬೇಗ ಆಗುತ್ತದೆ, ಅಷ್ಟೇ. ಹೊರಗೆರೆ ಸಿಗುತ್ತದೆ, ಉಬ್ಬುತಗ್ಗು ಸಿಗುವುದಿಲ್ಲ. ಮುಖಗಳನ್ನು ಬರೆದು ಬರೆದು ಗೊತ್ತಿದ್ದವರ ಕೈಯಲ್ಲಿ ಅದು ಸಮಯ ಉಳಿಸುವ ಸಾಧನ. ಗೊತ್ತಿಲ್ಲದವರು ಟ್ರೇಸ್ ಮಾಡಿದರೆ ಮುಖದ ಸುತ್ತ ಒಂದೇ ದಪ್ಪದ ತಂತಿ ಕಟ್ಟಿದಂತೆ ಕಾಣುತ್ತದೆ.

ಕಣ್ಣಳತೆಯಲ್ಲಿ ಪೆನ್ಸಿಲ್ಲೇ ಅಳತೆಗೋಲು. ತೋಳು ಪೂರ್ತಿ ಚಾಚಿ, ಮೊಣಕೈ ಬಗ್ಗಿಸದೆ, ಒಂದು ಕಣ್ಣು ಮುಚ್ಚಿ ಅಳೆಯಬೇಕು. ಒಂದು ಕಣ್ಣಿನ ಅಗಲವನ್ನು ಅಳತೆಯಾಗಿ ಇಟ್ಟುಕೊಳ್ಳಿ. ಎರಡು ಕಣ್ಣಿನ ನಡುವೆ ಸುಮಾರು ಅಷ್ಟೇ ಜಾಗ, ನೇರ ನೋಡುವ ತಲೆಯ ಅಗಲ ಸುಮಾರು ಐದು ಕಣ್ಣು. ಕಣ್ಣಿನ ಸಾಲು ಬರುವುದು ನೆತ್ತಿಯಿಂದ ಗದ್ದದವರೆಗಿನ ಎತ್ತರದ ಅರ್ಧದಲ್ಲಿ. ಹೊಸಬರ ಚಿತ್ರದಲ್ಲಿ ಕಣ್ಣು ಯಾವಾಗಲೂ ಮೇಲೆ ಹೋಗಿರುತ್ತದೆ, ನೆತ್ತಿ ಕತ್ತರಿಸಿದಂತೆ ಕಾಣುತ್ತದೆ. ಈ ಲೆಕ್ಕಗಳು ಸರಾಸರಿ ಮಾತ್ರ. ನಿಮ್ಮ ಎದುರಿನ ಮುಖ ಅದರಿಂದ ಎಲ್ಲಿ ಬೇರೆಯಾಗುತ್ತದೆ ಅನ್ನುವುದರಲ್ಲೇ ಹೋಲಿಕೆ ಇರುವುದು.

ನಡುವಿನ ದಾರಿಯೂ ಒಂದಿದೆ, ಮತ್ತು ಬಹಳ ಜನರಿಗೆ ನಾನು ಹೇಳುವುದು ಅದನ್ನೇ. ಫೋಟೊವನ್ನು ನಿಮ್ಮ ಚಿತ್ರದ ಅಳತೆಗೇ ಪ್ರಿಂಟ್ ತೆಗೆಸಿ. ಚಿತ್ರದ ಪಕ್ಕದಲ್ಲೇ, ಒಂದೇ ಎತ್ತರದಲ್ಲಿ, ನೆಟ್ಟಗೆ ನಿಲ್ಲಿಸಿ. ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, ಬಂದು ಒಂದು ಗೆರೆ ಎಳೆಯಿರಿ, ಮತ್ತೆ ಹಿಂದೆ ಹೋಗಿ. ಪೂರ್ತಿ ಗ್ರಿಡ್ ಬದಲು ನಾಲ್ಕೇ ಗೆರೆ ಸಾಕು: ಮುಖದ ಮಧ್ಯರೇಖೆ, ಹುಬ್ಬು, ಮೂಗಿನ ಬುಡ, ಗದ್ದ. ಜಾಗವೂ ತಪ್ಪುವುದಿಲ್ಲ, ಕಣ್ಣಿಗೂ ಕೆಲಸ ಇರುತ್ತದೆ. ಸಲ್ಲಿಸಲು ಒಂದು ವಾರವಷ್ಟೇ ಉಳಿದಿದ್ದರೂ ಈ ದಾರಿ ಹಿಡಿಯಬಹುದು. ತಿಂಗಳುಗಟ್ಟಲೆ ಸಮಯ ಇದ್ದರೆ ಕಣ್ಣಳತೆಗೇ ಹೋಗಿ.

ಯಾವ ವಿಧಾನವಾದರೂ ಶೇಡಿಂಗ್ ಶುರು ಮಾಡುವ ಮುಂಚೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಓರೆಯಾದ ಬಾಯಿ, ಕೆಳಗಿಳಿದ ಕಣ್ಣು ತಕ್ಷಣ ಕಾಣುತ್ತದೆ. ಈ ಹಂತದಲ್ಲಿ ತಿದ್ದಲು ಹತ್ತು ನಿಮಿಷ ಸಾಕು. ಶೇಡಿಂಗ್ ಮುಗಿದ ಮೇಲೆ ತಿದ್ದಲು ಆಗುವುದೇ ಇಲ್ಲ.

ಅಳತೆ ಮತ್ತು ಕಾಗದ

ಎ4 ಅಥವಾ ಎ3 (ಎ4ನ ಎರಡರಷ್ಟು ಹಾಳೆ) ಅನ್ನುವುದನ್ನು ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವೃತ್ತದಿಂದ ಲೆಕ್ಕ ಹಾಕಿ ನೋಡಿ. ದೊಡ್ಡವರಲ್ಲಿ ಅದರ ಅಗಲ ಸುಮಾರು 12 ಮಿಲಿಮೀಟರ್. ತಲೆಯ ಎತ್ತರ ಸುಮಾರು 22 ಸೆಂಟಿಮೀಟರ್. ಎ4 ಹಾಳೆಯಲ್ಲಿ ಸುತ್ತ ಜಾಗ ಬಿಟ್ಟು 15 ಸೆಂಟಿಮೀಟರ್ ತಲೆ ಬರೆದರೆ ಆ ವೃತ್ತ 8 ಮಿಲಿಮೀಟರ್ ಆಗುತ್ತದೆ. ಅದರೊಳಗೆ ಪಾಪೆ, ಬೆಳಕಿನ ಚುಕ್ಕೆ, ಮೇಲಿನ ರೆಪ್ಪೆಯ ನೆರಳು ಎಲ್ಲ ಬರಬೇಕು. ಪೆನ್ಸಿಲ್ ಚೂಪಾಗಿದ್ದರೆ ಆಗುತ್ತದೆ. ಅದೇ ಹಾಳೆಯಲ್ಲಿ ಎದೆಯವರೆಗೆ ಸೇರಿಸಿ ತಲೆಯನ್ನು 8 ಸೆಂಟಿಮೀಟರಿಗೆ ಇಳಿಸಿದರೆ ವೃತ್ತ 4 ಮಿಲಿಮೀಟರ್ ಚಿಲ್ಲರೆ. ಕೆಳರೆಪ್ಪೆಗೆ ಒಂದು ದಪ್ಪ ಇರುತ್ತದೆ, ಆ ಅಂಚಿನ ಮೇಲೆ ಬೆಳಕು ಬೀಳುತ್ತದೆ. ಇಷ್ಟು ಚಿಕ್ಕದರಲ್ಲಿ ಅದನ್ನು ತೋರಿಸಲು ಜಾಗವೇ ಇಲ್ಲ.

ಎ3ಯಲ್ಲಿ 18 ರಿಂದ 20 ಸೆಂಟಿಮೀಟರ್ ತಲೆ ನನಗೆ ತುಂಬ ಹಿಡಿಸುವ ಅಳತೆ. ನಿಜಕ್ಕಿಂತ ಕೊಂಚ ಚಿಕ್ಕದು. ತುಂಬಬೇಕಾದ ಜಾಗ ಎ4ನದ್ದಕ್ಕಿಂತ ದೊಡ್ಡದು, ಸಮಯವೂ ಜಾಸ್ತಿ ಬೇಕು, ಅದಕ್ಕೆ ತಯಾರಿರಿ. ನಿಜ ಮುಖಕ್ಕಿಂತ ದೊಡ್ಡದು ಮಾಡಿದರೆ ಚರ್ಮದ ರಂಧ್ರ, ಸಣ್ಣ ಕೂದಲು ಎಲ್ಲವನ್ನೂ ಬರೆಯಬೇಕು. ಇಲ್ಲದಿದ್ದರೆ ಕೆನ್ನೆ ಖಾಲಿ ಖಾಲಿ ಕಾಣುತ್ತದೆ.

ಕಾಗದದಲ್ಲಿ ನೋಡಬೇಕಾದದ್ದು ಅದರ ತರಿ. ಬ್ರಿಸ್ಟಲ್ ಅನ್ನುವ ಪೂರ್ತಿ ನುಣುಪಾದ ದಪ್ಪ ಕಾಗದದ ಮೇಲೆ ಸೂಕ್ಷ್ಮ ವಿವರ ಚೆನ್ನಾಗಿ ಬರುತ್ತದೆ. ಆದರೆ ಪದರದ ಮೇಲೆ ಪದರ ಹಾಕುತ್ತಾ ಹೋದರೆ ಬೇಗ ಜಾರತೊಡಗುತ್ತದೆ, ಗಾಢ ಕಪ್ಪು ಹತ್ತುವುದಿಲ್ಲ. ಒರಟು ಕಾಗದ ಎಷ್ಟು ಕಪ್ಪನ್ನಾದರೂ ಹಿಡಿಯುತ್ತದೆ, ಆದರೆ ಎಳೆಯ ಮುಖ ಮರಳು ಚೆಲ್ಲಿದಂತೆ ಕಾಣುತ್ತದೆ. ಹಾಟ್ ಪ್ರೆಸ್ (ನಯವಾಗಿ ಒತ್ತಿದ) ಜಲವರ್ಣ ಕಾಗದ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ), ಇವೆರಡರ ನಡುವಿನದು. ಕೊನೆಯ ಚಿತ್ರಕ್ಕೆ ನಾನು ಹೇಳುವುದು ಅದನ್ನೇ. ಅಭ್ಯಾಸಕ್ಕೆ ಸಾಮಾನ್ಯ ಕಾರ್ಟ್ರಿಡ್ಜ್ (ಡ್ರಾಯಿಂಗ್) ಹಾಳೆ ಸಾಕು. ಯಾವುದಾದರೂ ಆಸಿಡ್ ಇಲ್ಲದ್ದು ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ವರ್ಷ ಕಳೆದಂತೆ ಹಳದಿಯಾಗುತ್ತದೆ.

ಬಣ್ಣದ ಛಾಯೆಯ ಕಾಗದವೂ ಒಳ್ಳೆಯ ಆಯ್ಕೆ. ಜರ್ಮನ್ ಚಿತ್ರಕಾರ ಹೋಲ್ಬೈನ್ ತನ್ನ ಎಷ್ಟೋ ಮುಖಗಳನ್ನು ನಸುಗೆಂಪು ಬಳಿದ ಕಾಗದದ ಮೇಲೆ ಬರೆದ. ಚರ್ಮದ ನಡುಬಣ್ಣವನ್ನು ಕಾಗದವೇ ಕೊಟ್ಟುಬಿಡುತ್ತದೆ, ನೀವು ಕಪ್ಪನ್ನೂ ಬೆಳಕನ್ನೂ ಸೇರಿಸಿದರೆ ಆಯಿತು. ಬೂದು ಕಾಗದದ ಮೇಲೆ ಬಿಳಿ ಪೆನ್ಸಿಲ್ ಬಳಸುವಾಗ ಗ್ರಾಫೈಟನ್ನೂ ಬಿಳಿಯನ್ನೂ ಒಂದಕ್ಕೊಂದು ತಾಕಿಸಬೇಡಿ. ಬೆರೆತರೆ ನೀಲಿ ಛಾಯೆಯ ಕೊಳಕು ಬೂದು ಬರುತ್ತದೆ. ನಡುವೆ ಖಾಲಿ ಕಾಗದ ಕಾಣುತ್ತಿರಲಿ.

ಗ್ರಾಫೈಟ್ ಅಥವಾ ಚಾರ್ಕೋಲ್

ಇವತ್ತಿನ ಪೆನ್ಸಿಲ್ಲಿನ ಗಟ್ಟಿ ಮೆದುವಿನ ಲೆಕ್ಕ 1795ರಷ್ಟು ಹಳೆಯದು. ನಿಕೋಲಾ ಜಾಕ್ ಕಾಂಟೆ ಆಗ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಗಟ್ಟಿ, ತಿಳಿ ಗೆರೆ. ಗ್ರಾಫೈಟ್ ಜಾಸ್ತಿಯಾದರೆ ಮೆದು, ಕಪ್ಪು ಗೆರೆ. ಪೆನ್ಸಿಲ್ ಮೇಲಿನ ಎಚ್ ಅಂದರೆ ಗಟ್ಟಿ, ಬಿ ಅಂದರೆ ಮೆದು ಮತ್ತು ಕಪ್ಪು; ಅಂಕಿ ಹೆಚ್ಚಿದಷ್ಟೂ ಆ ಗುಣ ಜಾಸ್ತಿ. ಇಡೀ ಡಬ್ಬಿ ಕೊಳ್ಳಬೇಕಿಲ್ಲ. 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ ಇದ್ದರೆ ಮುಖಕ್ಕೆ ಬೇಕಾದ ಎಲ್ಲ ಛಾಯೆಯೂ ಸಿಗುತ್ತದೆ.

ಗ್ರಾಫೈಟಿನ ಬಲ ಅದರ ಹತೋಟಿ. ರೆಪ್ಪೆಯ ಅಂಚು, ತುಟಿಯ ಮೂಲೆ, ಹಣೆಯ ಮೇಲಿನ ತೆಳು ಛಾಯೆ ಎಲ್ಲ ಕೈಗೆ ಸಿಗುತ್ತದೆ. ದೌರ್ಬಲ್ಯ ಅಂದರೆ ಹೊಳಪು. ಗ್ರಾಫೈಟ್ ಚಪ್ಪಟೆ ಚೂರುಗಳಿಂದ ಆದದ್ದು. ಒತ್ತಿದಷ್ಟೂ ಅವು ಮಲಗಿ ಕನ್ನಡಿಯಂತೆ ಬೆಳಕು ಹಿಂದಕ್ಕೆ ಕಳಿಸುತ್ತವೆ. ಕಪ್ಪು ಕೂದಲು ಇನ್ನೂ ಕಪ್ಪಾಗಲಿ ಅಂತ 6ಬಿ ಒತ್ತಿದರೆ, ಪಕ್ಕದಿಂದ ನೋಡಿದಾಗ ಅದು ಬೆಳ್ಳಿಯಂತೆ ಮಿನುಗುತ್ತದೆ.

ಚಾರ್ಕೋಲ್ ಹೊಳೆಯುವುದಿಲ್ಲ. ಕಪ್ಪು ಅಂದರೆ ನಿಜವಾದ ಕಪ್ಪು, ಅದೂ ಬೇಗ. ದೊಡ್ಡ ನೆರಳುಗಳನ್ನು ಮೊದಲು ಹಾಕಿ ಆಮೇಲೆ ಬೆಳಕನ್ನು ರಬ್ಬರಿನಿಂದ ತೆಗೆಯುವ ರೀತಿಯವರಿಗೆ ಅದೇ ಸರಿ. ಆದರೆ ಧೂಳು ಉದುರುತ್ತದೆ, ಕೈ ತಾಕಿದರೆ ಅಳಿಸುತ್ತದೆ, ಎ4 ಅಳತೆಯಲ್ಲಿ ಸೂಕ್ಷ್ಮ ಕೆಲಸ ಕಷ್ಟ. ಎ3ಗಿಂತ ದೊಡ್ಡ ಹಾಳೆಯಲ್ಲಿ ಬರೆಯುವುದಾದರೆ ಮಾತ್ರ ನಾನು ಪೂರ್ತಿ ಚಾರ್ಕೋಲ್ ಆರಿಸುತ್ತೇನೆ.

ಎರಡನ್ನೂ ಸೇರಿಸುವುದಾದರೆ ಕ್ರಮ ನೆನಪಿರಲಿ. ಗ್ರಾಫೈಟ್ ಹಾಕಿ ನುಣುಪಾದ ಜಾಗದ ಮೇಲೆ ಚಾರ್ಕೋಲ್ ಹತ್ತುವುದಿಲ್ಲ. ಅತಿ ಕಪ್ಪಾದ ಜಾಗಗಳಿಗೆ, ಅಂದರೆ ಪಾಪೆ, ಮೂಗಿನ ಹೊಳ್ಳೆ, ಕೂದಲಿನ ಆಳಕ್ಕೆ ಮೊದಲೇ ಚಾರ್ಕೋಲ್ ಹಾಕಿಬಿಡಿ. ಇದು ರಗಳೆ ಅನ್ನಿಸಿದರೆ ಇಂಗಾಲ ಬೆರೆಸಿದ ಪೆನ್ಸಿಲ್ ಒಂದೆರಡು ತಂದುಕೊಳ್ಳಿ. ಸ್ಟೆಡ್ಲರ್ ಮಾರ್ಸ್ ಲುಮೋಗ್ರಾಫ್ ಬ್ಲ್ಯಾಕ್ ಅಂಥದ್ದು. ಹೊಳಪು ಕಡಿಮೆ, ಹಿಡಿತ ಗ್ರಾಫೈಟಿಗೆ ಹತ್ತಿರ.

ಉಜ್ಜುವುದಾ, ಗೆರೆ ಬಿಡುವುದಾ

ಸ್ಟಂಪ್ (ಕಾಗದವನ್ನು ಬಿಗಿಯಾಗಿ ಸುತ್ತಿದ ಕಡ್ಡಿ) ಅಥವಾ ಟಿಶ್ಯೂ ಹಿಡಿದು ಉಜ್ಜಿದರೆ ಚರ್ಮ ಬೇಗ ನಯವಾಗುತ್ತದೆ. ಕಮಿಷನ್ ಕೊಡುವವರಿಗೆ ಅದು ಇಷ್ಟವಾಗುತ್ತದೆ. ಅಪಾಯ ಏನೆಂದರೆ ಎಲ್ಲವೂ ಒಂದೇ ಮೆದು ಆಗಿಬಿಡುತ್ತದೆ. ಮೂಳೆಯ ಮೇಲಿನ ಚರ್ಮ, ಮಾಂಸದ ಮೇಲಿನ ಚರ್ಮ, ಬಟ್ಟೆ, ಎಲ್ಲಕ್ಕೂ ಒಂದೇ ಮಂಜು. ಬರೀ ಗೆರೆಗಳಿಂದ ಶೇಡ್ ಮಾಡಿದರೆ ಪ್ರತಿ ಗೆರೆಯೂ ಮೇಲ್ಮೈ ಯಾವ ಕಡೆ ತಿರುಗಿದೆ ಅಂತ ಹೇಳುತ್ತದೆ. ನಿಧಾನ, ಆದರೆ ಪ್ರವೇಶದ ಪೋರ್ಟ್‌ಫೋಲಿಯೊದಲ್ಲಿ ಅದಕ್ಕೇ ಬೆಲೆ. ನನ್ನ ಸಲಹೆ: ಮೊದಲ ಪದರವನ್ನು ಮಾತ್ರ ಮೆದು ಬ್ರಷ್‌ನಿಂದ ಹರಡಿ, ಅದರ ಮೇಲೆ ಎಲ್ಲವನ್ನೂ ಪೆನ್ಸಿಲ್ ಗೆರೆಯಲ್ಲೇ ಕಟ್ಟಿ. ಬೆರಳು ಬೇಡ. ಬೆರಳಿನ ಎಣ್ಣೆ ಕಾಗದಕ್ಕೆ ಹತ್ತಿದ ಜಾಗದಲ್ಲಿ ಗ್ರಾಫೈಟ್ ಕಲೆಯಾಗಿ ಕೂರುತ್ತದೆ, ರಬ್ಬರಿಗೂ ಬಗ್ಗುವುದಿಲ್ಲ.

ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಕಣ್ಣಿನಲ್ಲಿ. ಕಣ್ಣಿನ ಬಿಳಿಭಾಗವನ್ನು ಕಾಗದದ ಬಿಳಿಯಾಗಿ ಬಿಟ್ಟರೆ ಕಣ್ಣು ಅಂಟಿಸಿದಂತೆ ಕಾಣುತ್ತದೆ. ಅದು ಗುಂಡಗಿನ ವಸ್ತು. ಎರಡೂ ಮೂಲೆಗೆ ಹೋಗುತ್ತಾ ಮಬ್ಬಾಗುತ್ತದೆ, ಮೇಲಿನ ರೆಪ್ಪೆಯ ನೆರಳು ಅದರ ಮೇಲೂ, ಬಣ್ಣದ ವೃತ್ತದ ಮೇಲೂ ಅಡ್ಡ ಬೀಳುತ್ತದೆ. 2ಎಚ್‌ನಲ್ಲಿ ಪೂರ್ತಿ ಒಂದು ತೆಳು ಪದರ ಹಾಕಿ, ಮೂಲೆಗಳಿಗೆ ಎಚ್‌ಬಿ ಸೇರಿಸಿ. ಬೆಳಕಿನ ಚುಕ್ಕೆ ಮಾತ್ರ ಕಾಗದದ ಬಿಳಿ. ಆ ಚುಕ್ಕೆ ಮೇಲೆ ಎಡಕ್ಕೆ ಇದ್ದರೆ, ಬಣ್ಣದ ವೃತ್ತ ಕೆಳಗೆ ಬಲಕ್ಕೆ ತಿಳಿಯಾಗಿರುತ್ತದೆ. ಬೆಳಕು ಒಳಗೆ ಹಾದು ಆ ಕಡೆ ಹರಡುವುದರಿಂದ ಹೀಗೆ. ಇದೊಂದನ್ನು ಗಮನಿಸಿ ಬರೆದರೆ ನೋಟಕ್ಕೆ ಜೀವ ಬರುತ್ತದೆ. ಎಲ್ಲವನ್ನೂ ಸ್ಟಂಪಿನಿಂದ ಉಜ್ಜಿದರೆ ಮೊದಲು ಹಾಳಾಗುವುದೂ ಇದೇ.

ಪೂರ್ತಿ ಚಿತ್ರವನ್ನು ಒಂದೇ ಮಟ್ಟಕ್ಕೆ ಮುಗಿಸಲೇಬೇಕು ಅಂತಿಲ್ಲ. ಫ್ರೆಂಚ್ ಚಿತ್ರಕಾರ ಆಂಗ್ರ್ 1819ರಲ್ಲಿ ಪಿಟೀಲುವಾದಕ ಪಗನೀನಿಯ ಪೆನ್ಸಿಲ್ ಭಾವಚಿತ್ರ ಬರೆದ. ಮುಖವನ್ನು ಬಹಳ ಜತನದಿಂದ ಶೇಡ್ ಮಾಡಿದ್ದಾನೆ, ಕೋಟು ಹೆಚ್ಚಾಗಿ ಬರೀ ಗೆರೆ. ನೋಡುವವರ ಕಣ್ಣು ನೇರ ಮುಖಕ್ಕೇ ಹೋಗುತ್ತದೆ. ಸಮಯ ಕಡಿಮೆ ಇದ್ದಾಗ ಮೂಲೆಯಿಂದ ಮೂಲೆಗೆ ಹಿನ್ನೆಲೆ ತುಂಬುವುದಕ್ಕಿಂತ ಇದು ಎಷ್ಟೋ ಮೇಲು.

ಸ್ಕ್ಯಾನ್ ಅಥವಾ ಕ್ಯಾಮೆರಾ

ಈಗ ಬಹಳಷ್ಟು ಕಡೆ ಪೋರ್ಟ್‌ಫೋಲಿಯೊ ಹೋಗುವುದು ಫೈಲ್ ರೂಪದಲ್ಲಿ. ಸ್ಕ್ಯಾನರ್ ಚಿತ್ರವನ್ನು ಸಮವಾಗಿ, ಓರೆಯಿಲ್ಲದೆ ಹಿಡಿಯುತ್ತದೆ. ಆದರೆ 2ಎಚ್‌ನ ತೆಳು ಛಾಯೆಗಳನ್ನು ತಿಂದುಹಾಕುವುದೂ ಉಂಟು, ಎ3 ಹಾಳೆ ಸಾಮಾನ್ಯ ಸ್ಕ್ಯಾನರಿಗೆ ಹಿಡಿಸುವುದಿಲ್ಲ. ಕ್ಯಾಮೆರಾ ಆದರೆ ಚಿತ್ರವನ್ನು ಗೋಡೆಗೆ ನೆಟ್ಟಗೆ ಅಂಟಿಸಿ, ಎರಡೂ ಪಕ್ಕದಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಬರುವಂತೆ ಮಾಡಿ. ಎದುರಿನ ಬೆಳಕು ಬೇಡ, ಗ್ರಾಫೈಟ್ ಹೊಳೆಯುತ್ತದೆ. ಎ4 ಚಿತ್ರವಾದರೆ ಎರಡನ್ನೂ ಮಾಡಿ, ಕಾಗದದ ಪಕ್ಕ ಇಟ್ಟು ಹೋಲಿಸಿ, ಯಾವುದು ಮೂಲಕ್ಕೆ ಹತ್ತಿರವೋ ಅದನ್ನು ಕಳಿಸಿ. ಕಾಂಟ್ರಾಸ್ಟ್ ಏರಿಸುವಾಗ ಹಣೆಯ ಮೇಲಿನ ತೆಳು ಛಾಯೆ ಮಾಯವಾಗುತ್ತಿದೆಯಾ ನೋಡುತ್ತಿರಿ. ಮಾಯವಾಗಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಮಾಡುವುದು ಈ ಫೋಟೊಗಳೆಲ್ಲ ಆದ ಮೇಲೆ. ಸ್ಪ್ರೇ ಬಿದ್ದಾಗ ಕಪ್ಪು ಒಂಚೂರು ಗಾಢವಾಗಬಹುದು, ಆಮೇಲೆ ಅಳಿಸಿ ತಿದ್ದುವುದೂ ಕಷ್ಟ. ಸುಮಾರು 30 ಸೆಂಟಿಮೀಟರ್ ದೂರದಿಂದ, ಗಾಳಿಯಾಡುವ ಕಡೆ, ತೆಳುವಾಗಿ ಎರಡು ಸಲ ಸಾಕು. ಮೂಲ ಚಿತ್ರವನ್ನೇ ಕೊಡಬೇಕಿದ್ದರೆ ಮೇಲೊಂದು ಗ್ಲಾಸೀನ್ (ನುಣುಪಾದ ತೆಳು ಕಾಗದ) ಹಾಳೆ ಮುಚ್ಚಿ, ಅಂಚಿಗಷ್ಟೇ ಟೇಪ್ ಹಾಕಿ. ಫೈಲ್ ಕಳಿಸುವುದಾದರೆ, ಬಿಡಿ ವಿವರದ ಚಿತ್ರಕ್ಕೆ ಅವಕಾಶವಿದ್ದಲ್ಲಿ ಕಣ್ಣು ಮತ್ತು ಕೆನ್ನೆಯ ಭಾಗದ ಕ್ಲೋಸಪ್ ಒಂದನ್ನು ಸೇರಿಸಿ. ಪರದೆಯ ಮೇಲೆ ಪೂರ್ತಿ ಚಿತ್ರ ಚಿಕ್ಕದಾದಾಗ ನಿಮ್ಮ ಗೆರೆಗಳು ಕಾಣುವುದು ಅದರಲ್ಲಿ ಮಾತ್ರ.